ಹಾಡಿನ ಟೆಂಪೊ ಬದಲಾದರೆ ಬರೆದ ಚಿತ್ರಗಳ ಗತಿ ಏನು?

ಗೆರೆ_ಬಸವನಗುಡಿ

ನಾವು ಮೂರು ಜನ ಸೇರಿ ನಾಲ್ಕು ನಿಮಿಷದ ಅನಿಮೇಷನ್ ಕಿರುಚಿತ್ರ ಮಾಡುತ್ತಿದ್ದೇವೆ. ಮಾತಿಲ್ಲ, ಪೂರ್ತಿ ಹಾಡೇ. ಗಾಂಧಿ ಬಜಾರ್‌ನಲ್ಲಿ ಹೂ ಕಟ್ಟಿ ಮಾರುವ ಹುಡುಗಿ, ದಿನಾ ಆ ದಾರಿಯಲ್ಲಿ ಬರುವ ಬಿಎಂಟಿಸಿ ಕಂಡಕ್ಟರ್, ಇವರಿಬ್ಬರ ಪ್ರೀತಿ. ಅವಳು ಹಾಕುವ ಒಂದೊಂದು ಗಂಟೂ ತಾಳಕ್ಕೆ ಬೀಳುತ್ತದೆ, ಅವನ ಸೀಟಿಯೂ ಅಷ್ಟೇ.

ಸೆಕೆಂಡಿಗೆ 24 ಫ್ರೇಮ್, ಒಂದೊಂದು ಚಿತ್ರ ಎರಡು ಫ್ರೇಮ್ ನಿಲ್ಲುತ್ತದೆ. ಅಂದರೆ ಸೆಕೆಂಡಿಗೆ 12 ಚಿತ್ರ. ಕ್ರಿಟಾ ಅನ್ನುವ ಚಿತ್ರ ಬರೆಯುವ ಸಾಫ್ಟ್‌ವೇರಿನಲ್ಲಿ ಎಲ್ಲಾ ಕೈಯಲ್ಲೇ ಬರೆದದ್ದು. ಕೆಲಸದಿಂದ ಬಂದು ರಾತ್ರಿ ಕೂತು ಕೂತು ಮೊದಲ 40 ಸೆಕೆಂಡು ಮುಗಿಸಿದ್ದೇನೆ, 480 ಚಿತ್ರ. ಈಗ ಸಂಗೀತ ಮಾಡುವ ಗೆಳೆಯ '90 ಬಿಪಿಎಂ (ನಿಮಿಷಕ್ಕೆ 90 ಬೀಟು) ತುಂಬಾ ನಿಧಾನ, 100 ಮಾಡೋಣ' ಅನ್ನುತ್ತಿದ್ದಾನೆ. ಕೇಳಿದರೆ ಅವನ ಮಾತು ಸರಿ ಅಂತಲೂ ಅನಿಸುತ್ತದೆ, ಅದೇ ಸಂಕಟ. ಎಲ್ಲಾ ಮತ್ತೆ ಬರೆಯಬೇಕಾ?

ಇನ್ನೊಂದು, ಪಲ್ಲವಿಗೆ ಕೆ.ಎಸ್. ನರಸಿಂಹಸ್ವಾಮಿಯವರ ಎರಡು ಸಾಲು ಹಾಕಬಹುದಾ?

ಖಂಜಿರ_88

ಬರೆಯಬೇಡಿ, ಮೊದಲು ಲೆಕ್ಕ ನೋಡಿ. 90ರಲ್ಲಿ ಒಂದು ಬೀಟಿಗೆ ಸರಿಯಾಗಿ 16 ಫ್ರೇಮ್, ಅಂದರೆ 8 ಚಿತ್ರ. 100 ಮಾಡಿದರೆ 14.4 ಫ್ರೇಮ್. ಗಂಟು ಒಂದು ಕಡೆ, ತಾಳ ಒಂದು ಕಡೆ ಆಗುತ್ತದೆ, ಮೇಲಿಂದ 40 ಸೆಕೆಂಡಿನ ಹಾಡು 36ಕ್ಕೇ ಮುಗಿದು 48 ಚಿತ್ರ ಹಾಗೇ ಉಳಿಯುತ್ತವೆ. 96 ಇಟ್ಟರೆ 15 ಫ್ರೇಮ್ ಬರುತ್ತದೆ, ಆದರೆ ಅದು ಬೆಸ ಸಂಖ್ಯೆ. ಎರಡೆರಡು ಫ್ರೇಮಿನ ಚಿತ್ರದಲ್ಲಿ ಬೀಟು ಒಂದು ಬಿಟ್ಟು ಒಂದು ಚಿತ್ರದ ಮಧ್ಯೆ ಬೀಳುತ್ತದೆ.

ನಿಮ್ಮ ಗೆಳೆಯನ ಕಿವಿ ತಪ್ಪಲ್ಲ. ಆದರೆ ನಿಧಾನ ಅನಿಸಲು ಯಾವಾಗಲೂ ಟೆಂಪೊನೇ ಕಾರಣ ಅಲ್ಲ. ಚರಣದಲ್ಲಿ ಬೀಟಿಗೆ ಎರಡು ಪೆಟ್ಟು ಇರುವ ಕಡೆ ನಾಲ್ಕು ನುಡಿಸಿ ನೋಡಿ. ತಾಳ ಅಲ್ಲೇ ಇರುತ್ತದೆ, ಹಾಡಿಗೆ ಓಟ ಬರುತ್ತದೆ. ಸಂಗೀತ ಕಛೇರಿಯಲ್ಲಿ ಎರಡನೇ ಕಾಲಕ್ಕೆ, ಅಂದರೆ ಅದೇ ತಾಳದಲ್ಲಿ ಎರಡು ಪಟ್ಟು ವೇಗಕ್ಕೆ ಹೋದಾಗ ಆಗುವುದೂ ಇದೇ ಅಲ್ವಾ? ನಿಮ್ಮ ಒಂದು ಗೆರೆಯನ್ನೂ ಮುಟ್ಟಬೇಕಾಗಿಲ್ಲ.

ರಾತ್ರಿಪಾಳಿ

ಸಾಲಿನ ಬಗ್ಗೆ: ನಮ್ಮ ದೇಶದಲ್ಲಿ ಕವಿ ತೀರಿಕೊಂಡ ಮೇಲೂ 60 ವರ್ಷ ಹಕ್ಕು ಅವರ ಮನೆಯವರಿಗೆ ಇರುತ್ತದೆ. ಕೆಎಸ್‌ನ ಹೋಗಿದ್ದು 2003ರಲ್ಲಿ, ಅಂದರೆ 2063ರ ಕೊನೆಯವರೆಗೆ. ಅನುಮತಿ ಕೇಳಿ, ಇಲ್ಲಾ ನೀವೇ ಬರೆಯಿರಿ. ಹೂ, ಬಸ್ಸು, ಸೀಟಿ ಇಷ್ಟೆಲ್ಲಾ ಕೈಯಲ್ಲಿ ಇಟ್ಟುಕೊಂಡು ಸಾಲ ಯಾಕೆ?

ಅನಿಮೇಷನ್_ಅಕ್ಕ

ಖಂಜಿರ ಅವರು ಹೇಳಿದ್ದು ಸರಿ. ಆದರೆ ಇನ್ನು ಒಂದು ಚಿತ್ರವನ್ನೂ ಬರೆಯಬೇಡಿ ಪುಟ್ಟ, ಹಾಡು ಪಕ್ಕಾ ಆಗಲಿ. ಫೋನಿನಲ್ಲೇ ಹಾಡಿಸಿ, ಸ್ಟೋರಿಬೋರ್ಡಿನ ಕಚ್ಚಾ ಚಿತ್ರಗಳನ್ನು ಅದರ ಮೇಲೆ ಜೋಡಿಸಿ ನಾಲ್ಕೂ ನಿಮಿಷದ ಅನಿಮ್ಯಾಟಿಕ್ ಮಾಡಿ. ನಾನು ಮೊದಲ ಸಲ ಇದನ್ನು ಬಿಟ್ಟು ಒಂದೂವರೆ ನಿಮಿಷ ಮತ್ತೆ ಬರೆದಿದ್ದೇನೆ, ಅದರ ನೋವು ಗೊತ್ತು.

ಹಾಡಿಗೆ ಪಾತ್ರದ ತುಟಿ ಕೂಡಿಸುವಾಗ ಮೊದಲು ಪ, ಬ, ಮ ಎಲ್ಲೆಲ್ಲಿ ಬರುತ್ತದೆ ಅಂತ ಗುರುತು ಹಾಕಿ. ಅಲ್ಲಿ ಬಾಯಿ ಮುಚ್ಚದಿದ್ದರೆ ಎಂಥವರಿಗೂ ತಕ್ಷಣ ಗೊತ್ತಾಗುತ್ತದೆ. ದನಿಗಿಂತ ಒಂದೆರಡು ಫ್ರೇಮ್ ಮುಂಚೆ ತುಟಿ ಆಡಲಿ. ನಮ್ಮ ಮಾತುಗಳು ಜಾಸ್ತಿ ಸ್ವರದಲ್ಲೇ ಮುಗಿಯುತ್ತವೆ, ಹಾಗಾಗಿ ಸಾಲಿನ ಕೊನೆಯನ್ನು ಎಳೆದು ಹಾಡುವಾಗ ಬಾಯಿ ತೆರೆದೇ ಇರಬೇಕು, ಸುಮ್ನೆ ಮುಚ್ಚಿಬಿಡಬೇಡಿ.

ಮತ್ತೆ, ಎಲ್ಲವನ್ನೂ ತಾಳಕ್ಕೆ ಕೂರಿಸಬೇಡಿ. ಗಂಟು, ಸೀಟಿ ಎರಡೇ ಸಾಕು. ಕಣ್ಣು ರೆಪ್ಪೆ, ಸೆರಗು, ಬಸ್ಸಿನ ಕುಲುಕಾಟ ತಮ್ಮ ಪಾಡಿಗೆ ಇರಲಿ. ಒಂದು ದಿನ ಬಸ್ಸು ಬಂತು, ಸೀಟಿ ಬರಲಿಲ್ಲ, ಬೇರೆ ಕಂಡಕ್ಟರ್ ಅಂತ ಇಟ್ಟುಕೊಳ್ಳಿ. ಅಲ್ಲಿ ಎರಡು ಬೀಟು, 32 ಫ್ರೇಮ್, ಹಾಡು ನಿಲ್ಲಿಸಿಬಿಡಿ. ಅವಳ ಕೈಯಲ್ಲಿ ದಾರ ಅರ್ಧ ಸುತ್ತಿ ನಿಂತಿರಲಿ. ಅವಳಿಗೆ ಅವನು ಎಷ್ಟು ಬೇಕು ಅಂತ ನೋಡುವವರಿಗೆ ಅಲ್ಲಿ ಗೊತ್ತಾಗುತ್ತದೆ.

ಗೆರೆ_ಬಸವನಗುಡಿ

ಅಕ್ಕ, ಆ 32 ಫ್ರೇಮ್ ಓದಿ ಮೈ ಜುಮ್ಮೆಂದಿತು. ನಿನ್ನೆ ರಾತ್ರಿ ಖಂಜಿರ ಅವರು ಹೇಳಿದ ಹಾಗೆ ಬೀಟಿಗೆ ನಾಲ್ಕು ಪೆಟ್ಟು ಹಾಕಿ ನೋಡಿದೆವು, ಗೆಳೆಯ 90ಕ್ಕೇ ಒಪ್ಪಿದ. ಕವಿತೆ ಸಾಲು ಬಿಟ್ಟೆವು, ಪಲ್ಲವಿ ಅವನ ತಂಗಿ ಬರೆಯುತ್ತಿದ್ದಾಳೆ. ಭಾನುವಾರ ಅನಿಮ್ಯಾಟಿಕ್‌ಗೆ ಕೂರುತ್ತೇವೆ. ಸೀಟಿ ಮಾತ್ರ ನಿಜವಾದ ಕಂಡಕ್ಟರ್ ಒಬ್ಬರಿಂದಲೇ ರೆಕಾರ್ಡ್ ಮಾಡಬೇಕು, ನಾವು ಊದಿದರೆ ಆಟದ ಸೀಟಿ ತರಹ ಕೇಳುತ್ತದೆ.