ಆರು ಜನ, ಒಂದು ವಾಕರ್, ಒಂದು ರೊಟ್ಟಿ ಗಂಟು: ಮೂರು ಸಾಲಿನ ಯಾವ ಗಾಡಿ ತಗೊಳ್ಳಲಿ?

ಬೆಟಗೇರಿ ಸೊಸೆ

ಎಲ್ಲರಿಗೂ ನಮಸ್ಕಾರ ರೀ. ಗದಗ-ಬೆಟಗೇರಿಯಿಂದ ಬರೀತಿದ್ದೇನೆ. ಮನೇಲಿ ಕಾರು ಓಡಿಸುವವಳು ನಾನೇ. ನಮ್ಮವರಿಗೆ ಲೈಸೆನ್ಸ್ ಇದೆ, ಧೈರ್ಯ ಇಲ್ಲ. ಆದರೆ ಯಾವ ಗಾಡಿ ತಗೋಬೇಕು ಅನ್ನೋ ಅಭಿಪ್ರಾಯ ಮಾತ್ರ ಜಾಸ್ತಿ ಇದೆ.

ನಾವು ಆರು ಜನ. ಅತ್ತಿ, ಮಾವ, ನಾವಿಬ್ಬರು, 13 ವರ್ಷದ ಮಗ, 6 ವರ್ಷದ ಮಗಳು. ಈಗಿರುವುದು 2011ರ ವ್ಯಾಗನ್ ಆರ್. ಸವದತ್ತಿಗೆ ಹೊರಟರೆ ಮಗಳು ಮಾವನ ತೊಡೆ ಮೇಲೆ. ಅದು ತಪ್ಪು ಅಂತ ಗೊತ್ತು, ಅದಕ್ಕೇ ಈ ಪ್ರಶ್ನೆ.

ಅತ್ತಿಗೆ ಹೋದ ವರ್ಷ ಬಲ ಮೊಣಕಾಲಿನ ಆಪರೇಷನ್ ಆಯ್ತು, ಎಲ್ಲಿಗೆ ಹೋದರೂ ವಾಕರ್ ಜೊತೆಗಿರಬೇಕು. ಮೊನ್ನೆ ಮದುವೆಗೆ ಬೀಗರ ದೊಡ್ಡ ಗಾಡಿಯಲ್ಲಿ ಹೋಗಬೇಕಾಯ್ತು. ಎಡಗಾಲು ಫುಟ್‌ಸ್ಟೆಪ್ ಮೇಲೆ ಇಟ್ಟರು, ಮೇಲಿನ ಹಿಡಿಕೆ ಹಿಡಿದರು. ಸೀರೆ ನಿರಿಗೆ ಅದೇ ಕಾಲಿನ ಕೆಳಗೆ ಸಿಕ್ಕಿಕೊಂಡಿತು. ಬಲಗಾಲು ಮಡಚೋದಿಲ್ಲ. ಹಿಂದಿನಿಂದ ನಾನು, ಮುಂದಿನಿಂದ ಬೀಗತಿ. ಒಳಗೆ ಕೂತ ಮೇಲೆ ಅತ್ತಿ ಅಂದಿದ್ದು: "ಚಕ್ಕಡಿ ಹತ್ತೂದು ಇದಕಿಂತ ಸಸಾರ ಇತ್ತು ನೋಡವಾ."

ನಮ್ಮವರಿಗೆ ಸ್ಕಾರ್ಪಿಯೊ-ಎನ್ ಮೇಲೆ ಮನಸ್ಸು. ಮಾವ ಏನೂ ಮಾತಾಡದೆ ಟೇಪ್ ತಂದು ಪೋರ್ಚ್ ಅಳೆದರು. ಗೋಡೆಯಿಂದ ಗೇಟಿನವರೆಗೆ 15 ಅಡಿ 3 ಇಂಚು. ಮೊಬೈಲ್‌ನಲ್ಲಿ ನೋಡಿದರೆ ಆ ಗಾಡಿ 4662 ಮಿ.ಮೀ. ಲೆಕ್ಕ ಹಾಕಿದೆ. ಅರ್ಧ ಇಂಚು ಹೊರಗೆ! ಗೇಟು ಹಾಕೋದೇ ಆಗಲ್ಲ. ಅಗಲವೂ 1917 ಮಿ.ಮೀ., ಅಂದರೆ ಆರಡಿ ಮೂರೂವರೆ ಇಂಚು. ಗೇಟು ಇರೋದು 7 ಅಡಿ 2 ಇಂಚು. ಕನ್ನಡಿ ಮಡಚಿಕೊಂಡು ಒಳಗೆ ಬರಬೇಕು. ನಮ್ಮವರ ಮುಖ ನೋಡಬೇಕಿತ್ತು. "ಗೇಟ್ ಮುಂದ ಸರಿಸೋಣ" ಅಂತಿದ್ದಾರೆ. ಮುಂದೆ ಗಟಾರ ಇದೆ!

ತೆರಿಗೆ, ವಿಮೆ ಎಲ್ಲ ಸೇರಿ ಆನ್‌ರೋಡ್ 18 ಲಕ್ಷ, ಅದಕ್ಕಿಂತ ಮೇಲೆ ಬೇಡ. ವಾರಕ್ಕೊಮ್ಮೆ ಹುಬ್ಬಳ್ಳಿ, ಉಳಿದ ದಿನ ಶಾಲೆ, ಪೇಟೆ, ದಿನಕ್ಕೆ ನಾಲ್ಕೈದು ಕಿ.ಮೀ. ಅಷ್ಟೇ. ಮುಳಗುಂದದ ಕಡೆ ಎರೆ ಹೊಲ ಇದೆ. ವರ್ಷಕ್ಕೊಮ್ಮೆ ಗೋಕರ್ಣ. ಹಬ್ಬಕ್ಕೆ ಹಾವೇರಿಯಿಂದ ನಾದಿನಿ ಬರ್ತಾಳೆ, ಆಗ ಏಳು ಜನ. ಡೀಸೆಲ್ಲೋ ಪೆಟ್ರೋಲೋ? ಆರು ಸೀಟೋ ಏಳೋ?

ಕೇಶ್ವಾಪುರದ ಕಾಕಾ

ತಂಗೀ, ನಿಮ್ಮ ಮಾವನವರಿಗೆ ನನ್ನ ನಮಸ್ಕಾರ ಹೇಳು. ಶೋರೂಮಿಗೆ ಹೋಗೋ ಮುಂಚೆ ಟೇಪ್ ಹಿಡಿದವರನ್ನ ನಾನು ಇವತ್ತೇ ನೋಡಿದ್ದು.

ನನ್ನ ಹತ್ರ ಹಳೇ ಇನೋವಾ ಇದೆ, ಮೂರು ಲಕ್ಷ ಕಿ.ಮೀ. ದಾಟಿದೆ. ಹೊಸ ಕ್ರಿಸ್ಟಾ ತಗೋ ಅಂತ ಹೇಳೋಣ ಅಂದರೆ ಅದು 4735 ಮಿ.ಮೀ., ನಿಮ್ಮ ಪೋರ್ಚಿನಲ್ಲಿ ಹಿಡಿಯೋದಿಲ್ಲ, ಬಜೆಟ್ಟಿನಲ್ಲೂ ಹಿಡಿಯೋದಿಲ್ಲ. ಬಿಡು.

ಒಂದು ಮಾತು ನೆನಪಿಟ್ಟುಕೋ. ಹುಬ್ಬಳ್ಳಿ ಗೋಕುಲ ರೋಡಿನ ಶೋರೂಮುಗಳಿಗೆ ಹೋದರೆ ಅಲ್ಲಿನ ಹುಡುಗರು ಎರಡನೇ ಸಾಲನ್ನ ಪೂರ್ತಿ ಮುಂದೆ ತಳ್ಳಿ ಮೂರನೇ ಸಾಲು ತೋರಿಸ್ತಾರೆ. "ನೋಡಿ ಮೇಡಂ, ಎಷ್ಟು ಜಾಗ!" ಅಂತಾರೆ. ಮೊದಲು ನೀನು ಡ್ರೈವರ್ ಸೀಟು ನಿನಗೆ ಬೇಕಾದಷ್ಟು ಸರಿಸಿ ಕೂರು. ಅದರ ಹಿಂದೆ ಮಾವನವರು ಕಾಲು ಚಾಚಿ ಕೂರಲಿ. ಆಮೇಲೆ ಉಳಿದದ್ದರಲ್ಲಿ ಮಗನನ್ನ ಕೂರಿಸು. ಅದು ನಿಜವಾದ ಮೂರನೇ ಸಾಲು. ಅಲ್ಲಿ ನೆಲ ಎತ್ತರ ಇರುತ್ತೆ, ಮೊಣಕಾಲು ಎದೆ ಹತ್ರ ಬರುತ್ತೆ. ಸೀಟು ಹಿಂದಿನ ಗಾಲಿ ಮೇಲೇ ಇರೋದರಿಂದ ಹಂಪ್ ಬಂದರೆ ಮೊದಲು ಎಗರೋದು ಅಲ್ಲಿ ಕೂತವರು. ಯಲ್ಲಾಪುರ ದಾಟಿ ಅರಬೈಲ್ ಘಾಟಿ ಇಳಿಯುವಾಗ ನನ್ನ ಮೊಮ್ಮಗ ಪ್ರತಿ ಸಲ ವಾಂತಿ ಮಾಡ್ತಾನೆ. ಪ್ಲಾಸ್ಟಿಕ್ ಚೀಲ ಇಟ್ಟುಕೊಂಡಿರು, ಹಿಂದೆ ಎಸಿ ಗಾಳಿ ಬರುತ್ತೋ ನೋಡಿಕೋ.

ಎರೆ ಹೊಲದ ವಿಷಯ ಬಿಟ್ಟುಬಿಡು. ಮಳೆ ಬಿದ್ದ ಮೇಲೆ ಆ ಮಣ್ಣು ಟೈರಿಗೆ ಮೆತ್ತಿ ಗಾಲಿಯೇ ತಿರುಗಲ್ಲ. ಯಾವ ಎಸ್‌ಯುವಿ ಆದರೂ ಡಾಂಬರ್ ರಸ್ತೇಲಿ ನಿಲ್ಲಿಸಿ ನಡಕೊಂಡೇ ಹೋಗಬೇಕು.

ಬ್ಯಾಡಗಿ ಖಾರ

ಅಕ್ಕಾರ, ದಿನಕ್ಕೆ ನಾಲ್ಕೈದು ಕಿ.ಮೀ. ಓಡಿಸೋರು ಡೀಸೆಲ್ ತಗೋಬೇಡ್ರಿ. ನಾನು ತಗೊಂಡು ಅನುಭವಿಸಿದೆ. ಕಂಪನಿ ಹೆಸರು ಬೇಡ, ಕಂಪನೀದು ತಪ್ಪಲ್ಲ, ನನ್ನದೇ ತಪ್ಪು.

ಮನೆಯಿಂದ ಮೆಣಸಿನಕಾಯಿ ಮಾರ್ಕೆಟ್ಟು, ಮಾರ್ಕೆಟ್ಟಿನಿಂದ ಮನೆ. ಎಂಜಿನ್ ಕಾಯೋ ಮುಂಚೆ ಬಂದ್ ಮಾಡೋದು. ಈಗಿನ ಬಿಎಸ್6 ಡೀಸೆಲ್‌ಗಳಲ್ಲಿ ಸೈಲೆನ್ಸರ್ ದಾರೀಲಿ ಮಸಿ ಹಿಡಿಯೋ ಫಿಲ್ಟರ್ ಇರುತ್ತೆ, ಡಿಪಿಎಫ್ ಅಂತಾರೆ. ಆ ಮಸಿ ಸುಡಬೇಕಾದರೆ ಗಾಡಿ ಚೆನ್ನಾಗಿ ಕಾಯಬೇಕು, ಹೈವೇಲಿ ಒಂದೇ ವೇಗದಲ್ಲಿ ಓಡಬೇಕು. ನಂದು ನಾಲ್ಕನೇ ತಿಂಗಳಿಗೆ ಹಳದಿ ಲೈಟ್ ಹತ್ತಿತು. ಸರ್ವಿಸ್‌ನವರು "ಹೈವೇಲಿ ಅರ್ಧ ಗಂಟೆ ಓಡಿಸ್ಕೊಂಡು ಬನ್ನಿ" ಅಂದರು. ರಾಣೆಬೆನ್ನೂರ ಕಡೆ ಹೋಗಿ ಒಂದು ಚಹಾ ಕುಡಿದು ಬಂದೆ, ಲೈಟ್ ಆರಿತು. ಈಗ ಎರಡು ವಾರಕ್ಕೊಮ್ಮೆ ಅದೇ ಕೆಲಸ. ಮನೆಯವಳು ಕೇಳ್ತಾಳೆ, "ಇವತ್ತೂ ಮಸಿ ಸುಡಾಕ ಹೊಂಟ್ರ್ಯಾ?" ನಿಮಗೆ ವಾರಕ್ಕೊಮ್ಮೆ ಹುಬ್ಬಳ್ಳಿ ಇರೋದರಿಂದ ಇಷ್ಟು ಕಾಟ ಆಗಲಿಕ್ಕಿಲ್ಲ, ಆದರೂ ಪೆಟ್ರೋಲೇ ಸರಿ. ಸಿಎನ್‌ಜಿ ಸಹ ಬೇಡ, ಸಿಲಿಂಡರ್ ಡಿಕ್ಕಿ ತಿಂದುಬಿಡುತ್ತೆ, ವಾಕರ್ ಎಲ್ಲಿ ಇಡ್ತೀರಿ?

ಸಾಧನಕೇರಿ ಮಳೆ

ಧಾರವಾಡದಿಂದ ಎರಡು ಮಾತು, ಎರಡೂ ಸ್ವಲ್ಪ ಕಹಿ.

ಮೊದಲು ದುಡ್ಡು. ಕರ್ನಾಟಕದಲ್ಲಿ ರಸ್ತೆ ತೆರಿಗೆ 10ರಿಂದ 20 ಲಕ್ಷದ ಗಾಡಿಗೆ ಶೇ. 17, ಅದರ ಮೇಲೆ ಸೆಸ್. 14.5 ಲಕ್ಷದ ಗಾಡಿ ಅಂದರೆ ತೆರಿಗೆಯೇ ಸುಮಾರು 2.46 ಲಕ್ಷ. ವಿಮೆ ಸೇರಿದರೆ 18ರ ಹತ್ರ ಬಂತು. ಹಾಗಾಗಿ ನೀವು ನೋಡಬೇಕಾದ್ದು ಎಕ್ಸ್‌ಶೋರೂಮ್, ಅಂದರೆ ರಸ್ತೆ ತೆರಿಗೆ, ವಿಮೆ ಸೇರಿಸದ ರೇಟು, 14.5ರ ಆಸುಪಾಸಿನ ಗಾಡಿ, 18ರದ್ದಲ್ಲ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳಿದಿದೆ. ದೊಡ್ಡ ಎಸ್‌ಯುವಿಗೆ ಸೆಸ್ ಸೇರಿ ಶೇ. 50 ಇದ್ದದ್ದು ಈಗ 40. ಹಳೇ ವಿಡಿಯೊ ನೋಡಿ ರೇಟು ಲೆಕ್ಕ ಹಾಕಬೇಡಿ.

ಇನ್ನು ಸುರಕ್ಷತೆ. ಗಾಡಿ ಗುದ್ದಿಸಿ ನೋಡೋ ಕ್ರ್ಯಾಶ್ ಟೆಸ್ಟಿನಲ್ಲಿ ಟಾಟಾ ಸಫಾರಿಗೆ 5 ಸ್ಟಾರ್, ಸ್ಕಾರ್ಪಿಯೊ-ಎನ್‌ಗೆ ದೊಡ್ಡವರ ರಕ್ಷಣೆಯಲ್ಲಿ 5 ಸ್ಟಾರ್ ಅಂತ ನಾವೆಲ್ಲ ಖುಷಿಪಡ್ತೀವಿ. ಆದರೆ ಆ ಪರೀಕ್ಷೆಯಲ್ಲಿ ಗೊಂಬೆ ಕೂರಿಸೋದು ಮುಂದಿನ ಸಾಲಿಗೆ, ಎರಡನೇ ಸಾಲಿಗೆ. ಮೂರನೇ ಸಾಲಿನಲ್ಲಿ ಯಾರನ್ನೂ ಕೂರಿಸೋದಿಲ್ಲ. ಅಲ್ಲಿ ಕೂರೋರ ತಲೆಗೂ ಹಿಂದಿನ ಗಾಜಿಗೂ ಎಷ್ಟು ಅಂತರ ಇದೆ ಅಂತ ಕೈ ಇಟ್ಟು ನೋಡಿ. ಹುಬ್ಬಳ್ಳಿ-ಧಾರವಾಡ ಬೈಪಾಸಿನಲ್ಲಿ ಹಿಂದಿನಿಂದ ಲಾರಿ ಬರುವಾಗ ನನಗೆ ಸ್ಟಾರ್ ನೆನಪಾಗೋದಿಲ್ಲ, ಆ ಗೇಣು ಜಾಗ ನೆನಪಾಗುತ್ತೆ. ಯಾರೇ ಕೂತರೂ ಬೆಲ್ಟು ಹಾಕಿಸಿ.

ಮತ್ತೆ, ಏಳು ಸೀಟು ಯಾಕೆ? ನೀವು ಆರು ಜನ ಅಲ್ವಾ? ಎರಡನೇ ಸಾಲಿನಲ್ಲಿ ಬೆಂಚಿನ ಬದಲು ನಡುವೆ ದಾರಿ ಬಿಟ್ಟು ಎರಡು ಬಿಡಿ ಸೀಟು, ಅಂದರೆ ಕ್ಯಾಪ್ಟನ್ ಸೀಟು, ಇರೋ ಗಾಡಿ ನೋಡಿ. ಅತ್ತೆಯವರು ಏಳದೇ ಮಕ್ಕಳು ಹಿಂದಕ್ಕೆ ಹೋಗಬಹುದು.

ಬೆಟಗೇರಿ ಸೊಸೆ

ಭಾನುವಾರ ಆರೂ ಜನ ಹುಬ್ಬಳ್ಳಿ ಶೋರೂಮುಗಳಿಗೆ ಹೋಗಿ ಬಂದೆವು. ಕಾಕಾ, ನೀವು ಹೇಳಿದ್ದು ಅಕ್ಷರಶಃ ನಡೀತು. ಹುಡುಗ ಸೀಟು ಮುಂದೆ ತಳ್ಳಿದ, ಮಾವ ಸುಮ್ನೆ ಹಿಂದಕ್ಕೆ ಎಳೆದರು.

ಕಿಯಾದ ಕ್ಯಾರೆನ್ಸ್ ಕ್ಲಾವಿಸ್ ಇಷ್ಟ ಆಯ್ತು. 4550 ಮಿ.ಮೀ., ಪೋರ್ಚಿನಲ್ಲಿ ನಾಲ್ಕು ಇಂಚು ಉಳಿಯುತ್ತೆ. ಆದರೆ ನಮ್ಮ ದುಡ್ಡಿಗೆ ಬರೋದರಲ್ಲಿ ಎರಡನೇ ಸಾಲು ಉದ್ದ ಬೆಂಚು. ಮಗ ಹಿಂದೆ ಹೋಗಬೇಕಾದರೆ ಸೀಟು ಮಡಚಬೇಕು, ಅಂದರೆ ಅತ್ತಿ ಇಳೀಬೇಕು. ಒಂದು ಸಲ ಇಳಿದು ಹತ್ತಿದರು. ಎರಡನೇ ಸಲ ಕೇಳಲಿಕ್ಕೆ ನನಗೇ ಮನಸ್ಸಾಗಲಿಲ್ಲ.

ಮಾರುತಿಯ ಎಕ್ಸ್‌ಎಲ್6ನಲ್ಲಿ ಎರಡನೇ ಸಾಲಿಗೆ ಎರಡೇ ಸೀಟು. ಅತ್ತಿ ಹೊರಗೆ ನಿಂತೇ ಸೀಟಿನ ಮೇಲೆ ಕೂತರು, ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ ತಿರುಗಿಸಿದರು. ಮನೆಯ ಹಾಲ್‌ನಲ್ಲಿರೋ ದಿವಾನದ ಮೇಲೆ ಕೂರುತ್ತಾರಲ್ಲ, ಅಷ್ಟೇ ಸಲೀಸು. ಮಕ್ಕಳು ನಡುವೆ ತೂರಿ ಹಿಂದೆ ಹೋದರು. ಮೂರನೇ ಸಾಲು ಎತ್ತಿದಾಗ ಡಿಕ್ಕಿ 209 ಲೀಟರ್, ಆಲ್ಟೊ ಡಿಕ್ಕಿಯಷ್ಟು. ಮನೆಯಿಂದ ತಗೊಂಡು ಹೋದ ವಾಕರ್ ಮಡಚಿ ನಿಲ್ಲಿಸಿದೆ, ಪಕ್ಕದಲ್ಲಿ ಎರಡು ಬ್ಯಾಗು ಹಿಡಿಯಿತು. ರೊಟ್ಟಿ ಗಂಟು ನಮ್ಮವರ ತೊಡೆ ಮೇಲೆ. ಶೋರೂಮಿನ ಹುಡುಗ ವಾಕರ್ ನೋಡಿ ಸ್ವಲ್ಪ ಗಾಬರಿಯಾದ.

ಆರು ಜನ ತುಂಬಿಕೊಂಡು ಉಣಕಲ್ ತನಕ ಓಡಿಸಿದೆ. ಏರಿನಲ್ಲಿ ಎಳೆಯೋದು ನಿಧಾನ. ಗೋಕರ್ಣದಿಂದ ವಾಪಸ್ ಘಾಟಿ ಹತ್ತುವಾಗ ಸೆಕೆಂಡ್ ಗೇರೇ ಗತಿ ಅನ್ನಿಸಿತು. ಇರಲಿ, ನನಗೂ ಅವಸರ ಇಲ್ಲ. ಗಾಜಿನ ಅಂತರ ಕೈ ಇಟ್ಟು ನೋಡಿದೆ. ಒಂದು ಗೇಣು, ಅಷ್ಟೇ. ಅದು ಮನಸ್ಸಿನಲ್ಲಿ ಕೊರೀತಾ ಇದೆ, ಸುಳ್ಳು ಹೇಳಲ್ಲ. ನೋಡಿದ ಬೇರೆ ಗಾಡಿಗಳಲ್ಲೂ ಹೆಚ್ಚುಕಮ್ಮಿ ಅಷ್ಟೇ ಇತ್ತು.

ನಾದಿನಿಗೆ ಫೋನ್ ಮಾಡಿ ಆರೇ ಸೀಟು ಅಂತ ಹೇಳಿದೆ. "ನನಗೇನ ವೈನಿ, ಬಸ್ಸು ಫ್ರೀ ಐತಿ" ಅಂದಳು. ನಮ್ಮವರು ಮಾತ್ರ ಇನ್ನೂ ಗಟಾರದ ಮೇಲೆ ಕಲ್ಲು ಹಾಕಿಸೋ ಲೆಕ್ಕದಲ್ಲಿದ್ದಾರೆ. ಬುಕಿಂಗ್ ಈ ಅಮವಾಸ್ಯೆ ಕಳೆದ ಮೇಲೆ, ಅತ್ತಿ ಹೇಳಿದ್ದಾರೆ.