ಬೆರಳಚ್ಚಿನ ಬಂದೂಕು ಪೆಟ್ಟಿಗೆ ನನಗೆ ತೆರೆಯುವುದಿಲ್ಲ, ಮೊಮ್ಮಗನಿಗೆ ತೆರೆಯಿತು

ಖಾನಾಪುರದ ರೈತ:

ಎಲ್ಲರಿಗೂ ನಮಸ್ಕಾರ. ಖಾನಾಪುರ ತಾಲ್ಲೂಕಿನಲ್ಲಿ ಕಾಡಿಗೆ ಹತ್ತಿಕೊಂಡೇ ಇರುವ ನಮ್ಮ ಹೊಲದಲ್ಲಿ ಕಬ್ಬು ಮತ್ತು ಭತ್ತ ಬೆಳೆಯುತ್ತೇವೆ. ಬೆಳೆ ರಕ್ಷಣೆಯ ಪರವಾನಗಿಯ ಮೇಲೆ 12 ಬೋರಿನ ಡಬಲ್ ಬ್ಯಾರಲ್ ಬಂದೂಕು ನನ್ನ ಹೆಸರಿನಲ್ಲಿದೆ. ಮೊದಲು ಅದನ್ನು ಹಳೆಯ ತಿಜೋರಿಯಲ್ಲಿ ಇಡುತ್ತಿದ್ದೆ. ರಾತ್ರಿ ಹಂದಿಯ ಹಿಂಡು ಇಳಿದಾಗ ಗಾಳಿಯಲ್ಲಿ ಒಂದು ಗುಂಡು ಹಾರಿಸಿ ಓಡಿಸೋಣವೆಂದರೆ, ಕತ್ತಲಲ್ಲಿ ಕೀಲಿಕೈ ಹುಡುಕುವಷ್ಟರಲ್ಲಿ ಅವು ತಿನ್ನುವುದನ್ನು ತಿಂದು ಹೋಗಿರುತ್ತಿದ್ದವು. ಆದ್ದರಿಂದ ಕಳೆದ ವರ್ಷ, ಬೆರಳಿಟ್ಟರೆ ತೆರೆಯುವ, ನಾಲ್ಕು ಅಡಿ ಎತ್ತರದ ಉಕ್ಕಿನ ಪೆಟ್ಟಿಗೆಯನ್ನು ತರಿಸಿದೆ.

ಮೊದಲ ತೊಂದರೆ ಏನೆಂದರೆ, ಕಬ್ಬು ಕಡಿಯುವ ಹಂಗಾಮು ಶುರುವಾದಂದಿನಿಂದ ನನ್ನ ಬಲಗೈ ಹೆಬ್ಬೆರಳಿಗೆ ಪೆಟ್ಟಿಗೆ ಹತ್ತು ಸಲಕ್ಕೆ ಎರಡು ಸಲ ಕೂಡ ತೆರೆಯುವುದಿಲ್ಲ; ಕೆಂಪು ದೀಪ ಮಿನುಗಿ ಸುಮ್ಮನಾಗುತ್ತದೆ. ಎರಡನೆಯದು ಇದಕ್ಕೆ ತೀರ ವಿರುದ್ಧವಾಗಿದೆ. ಮೊನ್ನೆ ಏಳು ವರ್ಷದ ಮೊಮ್ಮಗ ಆಟಕ್ಕೆಂದು ಬೆರಳಿಟ್ಟಾಗ ಪೆಟ್ಟಿಗೆ ತಟ್ಟನೆ ತೆರೆದುಕೊಂಡಿತು. ಕಾಡತೂಸುಗಳು ಬೇರೆ ಕಡೆ ಇದ್ದುದರಿಂದ ಅನಾಹುತವೇನೂ ಆಗಲಿಲ್ಲ, ಆದರೆ ಅಂದಿನಿಂದ ನನಗೆ ನಿದ್ದೆ ಹತ್ತಿಲ್ಲ. ಯಂತ್ರ ಕೆಟ್ಟಿದೆಯೋ, ನಾನು ಬಳಸುವುದರಲ್ಲಿ ತಪ್ಪಿದೆಯೋ ತಿಳಿದವರು ಹೇಳಬೇಕು.

ಮುಧೋಳ ಕಡೆಯವನು:

ಕಾಕಾ, ನನ್ನ ಅಂದಾಜಿನಲ್ಲಿ ಇದು ಸೆಲ್ಲಿನ ತೊಂದರೆ. ನನ್ನ ಪೆಟ್ಟಿಗೆಯಲ್ಲಿಯೂ ನಾಲ್ಕು ಪೆನ್ಸಿಲ್ ಸೆಲ್ಲುಗಳಿವೆ. ಚಾರ್ಜ್ ಮಾಡುವ ಸೆಲ್ಲು ಹಾಕಿದ್ದಾಗ ದೀಪ ಹತ್ತುತ್ತಿತ್ತು, ಸದ್ದೂ ಬರುತ್ತಿತ್ತು, ಆದರೆ ಚಿಲಕ ಮಾತ್ರ ಸರಿಯುತ್ತಿರಲಿಲ್ಲ. ಅಲ್ಕಲೈನ್ ಸೆಲ್ಲು ಒಂದಕ್ಕೆ 1.5 ವೋಲ್ಟಿನಂತೆ ನಾಲ್ಕಕ್ಕೆ 6 ವೋಲ್ಟ್ ಆಗುತ್ತದೆ, ಚಾರ್ಜ್ ಮಾಡುವಂಥದ್ದಕ್ಕೆ 1.2ರಂತೆ 4.8 ಮಾತ್ರ. ದೀಪಕ್ಕೆ ಅಷ್ಟು ಸಾಕು. ಚಿಲಕವನ್ನು ಬಿಡಿಸುವ ಸೊಲೆನಾಯ್ಡ್ (ಕರೆಂಟು ಹರಿದಾಗ ಸಣ್ಣ ಮೊಳೆಯನ್ನು ಎಳೆಯುವ ತಂತಿಯ ಸುರುಳಿ) ಎಳೆಯುವ ಗಳಿಗೆಯಲ್ಲಿ ವೋಲ್ಟೇಜ್ ಕುಸಿಯುತ್ತದೆ. ಹೊಸ ಅಲ್ಕಲೈನ್ ಹಾಕಿ ನೋಡಿ.

ಕೀಲಿ ದುರಸ್ತಿ, ವಿಜಯಪುರ:

ಸೆಲ್ಲಿನ ವಿಷಯದಲ್ಲಿ ಮುಧೋಳದವರು ಹೇಳಿದ್ದು ಸರಿಯೇ, ಆದರೆ ಸೆಲ್ಲು ಇಳಿದರೆ ಪೆಟ್ಟಿಗೆ ಯಾರಿಗೂ ತೆರೆಯುವುದಿಲ್ಲ. ಮಗುವಿಗೆ ತೆರೆದು ಮಾಲೀಕನಿಗೆ ತೆರೆಯದಿರುವುದನ್ನು ಅದು ವಿವರಿಸುವುದಿಲ್ಲ. ಹಿರಿಯರೆ, ಪರಿಹಾರಕ್ಕಿಂತ ಮೊದಲು ಒಂದು ಕೆಲಸ ಮಾಡಿರಿ. ಬಂದೂಕನ್ನು ಇವತ್ತೇ ಆ ಪೆಟ್ಟಿಗೆಯಿಂದ ಹೊರಗೆ ತೆಗೆದು, ನಳಿಗೆ ಮತ್ತು ಹಿಡಿಕೆಯನ್ನು ಬಿಡಿಸಿ ಹಳೆಯ ತಿಜೋರಿಯಲ್ಲಿಯೇ ಇಟ್ಟು ಬೀಗ ಹಾಕಿರಿ. ಕಾಡತೂಸುಗಳು ಇನ್ನೊಂದು ಬೀಗದಲ್ಲಿರಲಿ. 2016ರ ಆಯುಧ ನಿಯಮಗಳಲ್ಲಿ ಬಂದೂಕನ್ನು ಸುರಕ್ಷಿತವಾಗಿ ಇಡುವ ಬಗ್ಗೆ ಅರ್ಜಿದಾರರು ಮುಚ್ಚಳಿಕೆ ಬರೆದುಕೊಡಬೇಕೆಂದಿದೆ. ಯಾವ ಬೆರಳಿಗಾದರೂ ತೆರೆಯುವ ಪೆಟ್ಟಿಗೆಯಲ್ಲಿ ಇಟ್ಟರೆ ಆ ಮಾತು ಉಳಿಯುವುದಿಲ್ಲ.

ಆಮೇಲೆ ಖಾಲಿ ಪೆಟ್ಟಿಗೆಯ ಬಾಗಿಲು ಹಾಕಿ, ಎಂದೂ ನೋಂದಾಯಿಸದ ಇಬ್ಬರು ದೊಡ್ಡವರ ಬೆರಳುಗಳನ್ನು ಇಡಿಸಿ ನೋಡಿರಿ. ಬಾಗಿಲಿನ ಒಳಬದಿಯಲ್ಲಿ ಸಣ್ಣ ಕೆಂಪು ಗುಂಡಿ ಇದೆಯೇ, ಈಚೆಗೆ ಅದನ್ನು ಯಾರಾದರೂ ಒತ್ತಿದರೇ ಎಂಬುದನ್ನೂ ಕೇಳಿ ತಿಳಿಸಿರಿ.

ಖಾನಾಪುರದ ರೈತ:

ಹೇಳಿದಂತೆ ಮಾಡಿದೆ. ಮನೆಯವರ ತೋರುಬೆರಳಿಗೆ ತೆರೆಯಿತು, ಪಕ್ಕದ ಮನೆಯವರ ಬೆರಳಿಗೂ ತೆರೆಯಿತು, ನನ್ನ ಹೆಬ್ಬೆರಳಿಗೆ ಮಾತ್ರ ತೆರೆಯಲಿಲ್ಲ. ನಗಬೇಕೋ ಅಳಬೇಕೋ ತಿಳಿಯದು. ಕೆಂಪು ಗುಂಡಿ ಇದೆ. ಗಣೇಶ ಚೌತಿಗೆ ಬಂದಿದ್ದ ಅಳಿಯ ಸೆಲ್ಲು ಬದಲಾಯಿಸುವಾಗ ಅದನ್ನು ಒತ್ತಿ, ನನ್ನ ಬೆರಳನ್ನು ಮತ್ತೊಮ್ಮೆ ಇಡಿಸಿದ್ದರು. ಒಂದು ಸದ್ದು ಬಂತು, ಕೆಲಸ ಆಯಿತೆಂದು ಎದ್ದೆವು.

ಕೀಲಿ ದುರಸ್ತಿ, ವಿಜಯಪುರ:

ಹಾಗಾದರೆ ಯಂತ್ರ ಕೆಟ್ಟಿಲ್ಲ. ನಿಮ್ಮ ಎರಡೂ ತೊಂದರೆಗಳ ಮೂಲ ಒಂದೇ ಆಗಿದೆ.

ಇಂಥ ಪೆಟ್ಟಿಗೆಗಳಲ್ಲಿ ಹಲವು, ಕಾರ್ಖಾನೆಯಿಂದ ಬಂದಾಗ ಅಥವಾ ಒಳಗಿನ ಗುಂಡಿಯಿಂದ ನೆನಪು ಅಳಿಸಿದಾಗ, ಮೊದಲ ಬೆರಳು ಪೂರ್ತಿ ನೋಂದಣಿಯಾಗುವ ತನಕ ಯಾವ ಬೆರಳನ್ನಿಟ್ಟರೂ ತೆರೆದುಕೊಳ್ಳುವಂತೆ ಮಾಡಲಾಗಿರುತ್ತದೆ. ಹೊಸದಾಗಿ ಕೊಂಡವನು ಹೊರಗೆ ಸಿಕ್ಕಿಕೊಳ್ಳಬಾರದೆಂಬ ಉದ್ದೇಶದಿಂದ ಹೀಗೆ ಮಾಡುತ್ತಾರೆ. ನನ್ನ ದೃಷ್ಟಿಯಲ್ಲಿ ಬಂದೂಕಿನ ಪೆಟ್ಟಿಗೆಗೆ ಇದಕ್ಕಿಂತ ಕೆಟ್ಟ ಏರ್ಪಾಡು ಇನ್ನೊಂದಿಲ್ಲ, ಏಕೆಂದರೆ ಮಾಲೀಕ ತನ್ನ ಬೆರಳಿಟ್ಟು ತೆರೆದಾಗಲೆಲ್ಲ ಅದು ತನ್ನನ್ನು ಗುರುತಿಸಿತೆಂದೇ ನಂಬುತ್ತಾನೆ. 2023ರ ಅಕ್ಟೋಬರಿನಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು ಇದೇ ದೋಷಕ್ಕಾಗಿ ಸುಮಾರು 61,000 ಬೆರಳಚ್ಚು ಪೆಟ್ಟಿಗೆಗಳನ್ನು ಹಿಂಪಡೆಯುವುದಾಗಿ ಪ್ರಕಟಿಸಿತು. ಅಂಥದೊಂದು ಪೆಟ್ಟಿಗೆಯಿಂದ ತೆಗೆದ ಬಂದೂಕಿನಿಂದ 12 ವರ್ಷದ ಬಾಲಕನೊಬ್ಬ ಸತ್ತಿದ್ದ.

ನಿಮ್ಮ ಹೆಬ್ಬೆರಳಿನ ಕಥೆಯೂ ಇಲ್ಲಿಯೇ ಸೇರುತ್ತದೆ. ಕೊಯ್ತಾ ಹಿಡಿದು, ರವದಿ (ಕಬ್ಬಿನ ಒಣ ಎಲೆ) ಸುಲಿದು ಬೆರಳಿನ ಗೆರೆಗಳು ಸವೆದಿವೆ. ಚರ್ಮ ಒಣಗಿ ಬಿರಿದಿದೆ. ಗೆರೆಯ ಉಬ್ಬು ತಗ್ಗುಗಳನ್ನು ಅಳೆದು ಚಿತ್ರ ಮಾಡಿಕೊಳ್ಳುವ ಗಾಜಿಗೆ ಅಲ್ಲಿ ಏನೂ ಸಿಗುವುದಿಲ್ಲ. ಹೀಗಾಗಿ ಚೌತಿಯ ದಿನ ನಿಮ್ಮ ನೋಂದಣಿ ಮುಗಿಯಲೇ ಇಲ್ಲ, ಪೆಟ್ಟಿಗೆ ಯಾರಿಗಾದರೂ ತೆರೆಯುವ ಸ್ಥಿತಿಯಲ್ಲಿಯೇ ಉಳಿಯಿತು. ಮಗುವಿನ ಗೆರೆಗಳು ಸ್ಪಷ್ಟವಾಗಿದ್ದವು, ಅದಕ್ಕೆ ತೆರೆಯಿತು. ಗೆರೆಗಳೇ ಕಾಣದ ನಿಮ್ಮ ಬೆರಳನ್ನು ಅದು ಬೆರಳೆಂದೇ ತಿಳಿಯಲಿಲ್ಲ. ಪಡಿತರ ಅಂಗಡಿಯಲ್ಲಿ ಹೆಬ್ಬೆಟ್ಟು ಹತ್ತದೆ ಸಾಲಿನಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನೆನಪನ್ನು ಮತ್ತೊಮ್ಮೆ ಅಳಿಸಿ ಹೊಸದಾಗಿ ನೋಂದಾಯಿಸಿರಿ. ಕೆಲಸದ ಕೈಯ ಹೆಬ್ಬೆರಳನ್ನು ಬಿಟ್ಟುಬಿಡಿ. ಎಡಗೈಯ ಉಂಗುರ ಬೆರಳು ಕಡಿಮೆ ಸವೆದಿರುತ್ತದೆ. ಬೆಳಿಗ್ಗೆ ಹೊಲಕ್ಕೆ ಹೋಗುವ ಮೊದಲು, ಕೈಯನ್ನು ಬಿಸಿನೀರಿನಲ್ಲಿ ತೊಳೆದು, ಒರೆಸಿ, ಐದು ನಿಮಿಷ ಬಿಟ್ಟು ಬೆರಳಿಡಿ. ಒಂದೇ ಬೆರಳನ್ನು ಮೂರು ಬೇರೆ ಬೇರೆ ಸ್ಥಾನಗಳಲ್ಲಿ ನೋಂದಾಯಿಸಿರಿ: ನೇರವಾಗಿ ಒಮ್ಮೆ, ಸ್ವಲ್ಪ ಎಡಕ್ಕೆ ವಾಲಿಸಿ ಒಮ್ಮೆ, ಬಲಕ್ಕೆ ವಾಲಿಸಿ ಒಮ್ಮೆ. ನಿದ್ದೆಗಣ್ಣಿನಲ್ಲಿ ಬೆರಳು ಎಂದೂ ನೇರವಾಗಿ ಬೀಳುವುದಿಲ್ಲ. ನೋಂದಣಿ ಮುಗಿದದ್ದಕ್ಕೆ ಎಷ್ಟು ಸದ್ದು, ಯಾವ ಬಣ್ಣದ ದೀಪ ಎಂಬುದನ್ನು ಕೈಪಿಡಿಯಲ್ಲಿ ನೋಡಿಕೊಂಡೇ ಮುಂದಕ್ಕೆ ಹೋಗಿರಿ. ಕಡೆಗೆ ಮನೆಯವರ ಮತ್ತು ನೆರೆಯವರ ಬೆರಳುಗಳನ್ನು ಒಂದೊಂದನ್ನೂ ಹತ್ತು ಸಲ ಇಡಿಸಿರಿ. ಒಂದು ಸಲ ತೆರೆದರೂ ಆ ಪೆಟ್ಟಿಗೆಯನ್ನು ಬಂದೂಕಿಗೆ ಬಳಸಬೇಡಿರಿ, ಬೇಕಾದರೆ ಅದರಲ್ಲಿ ದಾಖಲೆ ಪತ್ರ ಇಟ್ಟುಕೊಳ್ಳಿರಿ. ಈ ಪರೀಕ್ಷೆಯನ್ನು ಪ್ರತಿ ಸಲ ಸೆಲ್ಲು ಬದಲಿಸಿದ ಮೇಲೂ ಮಾಡಬೇಕು.

ಖಾನಾಪುರದ ರೈತ:

ಸರ್, ನಾಳೆ ಬೆಳಿಗ್ಗೆ ಮಾಡುತ್ತೇನೆ. ನಡುವೆ ಒಂದು ಸಂಶಯ: ನಾನು ಊರಲ್ಲಿ ಇಲ್ಲದಾಗ ಬೇಕಾದೀತೆಂದು ಮಗನ ಬೆರಳನ್ನೂ ಸೇರಿಸಬಹುದೇ?

ಕೀಲಿ ದುರಸ್ತಿ, ವಿಜಯಪುರ:

ಪರವಾನಗಿಯಲ್ಲಿ ಅವನ ಹೆಸರು ಇಲ್ಲದಿದ್ದರೆ ಬೇಡ. ದುರಸ್ತಿಗೆ ಅಥವಾ ಪರವಾನಗಿ ನವೀಕರಣಕ್ಕೆ ಒಯ್ಯುವಾಗ ನಿಮ್ಮ ಸಮಕ್ಷಮದಲ್ಲಿ ಅಥವಾ ನಿಮ್ಮ ಲಿಖಿತ ಅನುಮತಿಯ ಮೇಲೆ ಇನ್ನೊಬ್ಬರು ಬಂದೂಕನ್ನು ಹಿಡಿಯಲು 1959ರ ಆಯುಧ ಕಾಯ್ದೆಯಲ್ಲಿ ಅವಕಾಶವಿದೆ, ಆದರೆ ನೀವು ಇಲ್ಲದ ರಾತ್ರಿ ಅವನು ಹಂದಿ ಓಡಿಸಲು ಆ ಅವಕಾಶ ಅನ್ವಯಿಸುವುದಿಲ್ಲ. ಹೆಚ್ಚು ದಿನ ಊರು ಬಿಡುವುದಾದರೆ ಠಾಣೆಯಲ್ಲಿ ಇಡುವುದು ಒಳ್ಳೆಯದು. ಚುನಾವಣೆ ಬಂದಾಗ ಹೇಗೂ ಅಲ್ಲಿಗೇ ಒಯ್ಯುತ್ತೀರಿ.

ಮುಧೋಳ ಕಡೆಯವನು:

ನಾನು ಬೆರಳಚ್ಚಿನ ಸಹವಾಸವನ್ನೇ ಬಿಟ್ಟು, ಐದು ಗುಂಡಿಗಳ ಯಾಂತ್ರಿಕ ಕೀಲಿ ಇರುವ ಪೆಟ್ಟಿಗೆ ತೆಗೆದುಕೊಂಡೆ. ಸೆಲ್ಲು ಬೇಡ, ಕತ್ತಲಲ್ಲಿ ಬೆರಳಿನ ಅಂದಾಜಿನ ಮೇಲೆ ಎರಡು ಮೂರು ಸೆಕೆಂಡಿನಲ್ಲಿ ತೆರೆಯುತ್ತದೆ. ಎರಡು ಅಥವಾ ಹೆಚ್ಚು ಗುಂಡಿಗಳನ್ನು ಒಟ್ಟಿಗೆ ಒತ್ತುವುದೂ ಲೆಕ್ಕಕ್ಕೆ ಬರುವುದರಿಂದ ಒಟ್ಟು ಸಾವಿರಕ್ಕಿಂತ ಸ್ವಲ್ಪ ಹೆಚ್ಚು ಸಂಕೇತಗಳು ಸಾಧ್ಯ. ಕಾರ್ಖಾನೆಯ ಸಂಕೇತವನ್ನು ಬದಲಾಯಿಸದೆ ಬಿಟ್ಟರೆ ಮಾತ್ರ ಅದೂ ತೆರೆದ ಬಾಗಿಲೇ.

ಖಾನಾಪುರದ ರೈತ:

ಫಲಿತಾಂಶ ತಿಳಿಸುತ್ತಿದ್ದೇನೆ. ಎಡಗೈ ಉಂಗುರ ಬೆರಳಿಗೆ ಹತ್ತರಲ್ಲಿ ಒಂಬತ್ತು ಸಲ ತೆರೆಯಿತು. ಮನೆಯವರು, ಮಗ, ಪಕ್ಕದ ಮನೆಯವರು ತಲಾ ಹತ್ತು ಸಲ ಬೆರಳಿಟ್ಟರು, ಒಮ್ಮೆಯೂ ತೆರೆಯಲಿಲ್ಲ. ಮೊಮ್ಮಗನನ್ನು ಪರೀಕ್ಷೆಗೆ ಕರೆಯಲಿಲ್ಲ. ಅವನಿಗೆ ಆ ಪೆಟ್ಟಿಗೆಯ ಹತ್ತಿರ ಹೋಗಬಾರದೆಂದು ಹೇಳಿದ್ದೇ ಸಾಕಾಗಲೆಂದು. ತುರ್ತಿನ ಕೀಲಿಕೈ ಇಷ್ಟು ದಿನ ದೇವರ ಜಗಲಿಯ ಮೇಲೆ ಊದಿನಕಡ್ಡಿಯ ಪಕ್ಕದಲ್ಲಿತ್ತು. ಮನೆಯಲ್ಲಿ ಎಲ್ಲರ ಕೈಗೂ ಸಿಗುವ ಜಾಗ ಅದೊಂದೇ ಎಂಬುದು ಈಗ ಹೊಳೆಯಿತು. ಅದನ್ನು ತೆಗೆದು ನನ್ನ ಉಡದಾರಕ್ಕೆ ಕಟ್ಟಿಕೊಂಡಿದ್ದೇನೆ.

ಒಂದು ಉಳಿದಿದೆ. ಬಂದೂಕು ಒಳಗಿಟ್ಟ ಮೇಲೆ ಒಮ್ಮೊಮ್ಮೆ ಹಸಿರು ದೀಪ ಹತ್ತಿ, ಸದ್ದೂ ಬಂದು, ಬಾಗಿಲಿನ ಹಿಡಿ ಮಾತ್ರ ತಿರುಗುವುದಿಲ್ಲ. ಸೆಲ್ಲು ಹೊಸದು, ಅಲ್ಕಲೈನ್.

ಕೀಲಿ ದುರಸ್ತಿ, ವಿಜಯಪುರ:

ಬಂದೂಕಿನ ಹಿಡಿಕೆಯ ತುದಿ ಒಳಗಿನಿಂದ ಬಾಗಿಲನ್ನು ಒತ್ತುತ್ತಿದೆ. ಆ ಒತ್ತಡಕ್ಕೆ ಚಿಲಕದ ಸರಳು ಚೌಕಟ್ಟಿಗೆ ಬಿಗಿದುಕೊಂಡು, ಸೊಲೆನಾಯ್ಡಿನ ಸಣ್ಣ ಮೊಳೆಯನ್ನು ಹಿಡಿದಿಡುತ್ತದೆ. ಸದ್ಯಕ್ಕೆ ಬಾಗಿಲನ್ನು ಅಂಗೈಯಿಂದ ಒಳಕ್ಕೆ ಒತ್ತಿ ಹಿಡಿದು ಬೆರಳಿಡಿ, ತೆರೆಯುತ್ತದೆ. ಆಮೇಲೆ ಬಂದೂಕು ವಾಲದಂತೆ ತಳದಲ್ಲಿ ಒಂದು ರಬ್ಬರಿನ ತಡೆ ಅಂಟಿಸಿರಿ. ನಿಮ್ಮ ಕಡೆಯ ಮಳೆಗೆ ತೇವ ಹೀರುವ ಸಿಲಿಕಾ ಜೆಲ್ಲಿನ ಚೀಲವೊಂದನ್ನೂ ಅಲ್ಲಿಯೇ ಇಡಿರಿ. ಅದರ ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದಾಗ ಬದಲಿಸಿರಿ.

ಖಾನಾಪುರದ ರೈತ:

ಅಂಗೈಯಿಂದ ಒತ್ತಿ ಹಿಡಿದಾಗ ಐದಕ್ಕೆ ಐದು ಸಲವೂ ತೆರೆಯಿತು. ರಬ್ಬರಿನ ತಡೆಯನ್ನು ಹಳೆಯ ಟ್ರ್ಯಾಕ್ಟರ್ ಟ್ಯೂಬಿನಿಂದ ಕತ್ತರಿಸಿ ಅಂಟಿಸಿದ್ದೇನೆ.