ಪದಚರ್ಚೆ: ‘ಟೈಟಲ್ ಒನ್ ಶಾಲೆ’ಗೂ ‘ಫ್ಯಾಮಿಲಿ ಎಂಗೇಜ್‌ಮೆಂಟ್’ಗೂ ಕನ್ನಡದಲ್ಲಿ ಏನನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಅಮೆರಿಕದ ಒಂದು ಸರ್ಕಾರಿ ಪ್ರಾಥಮಿಕ ಶಾಲೆ ವರ್ಷದ ಶುರುವಿನಲ್ಲಿ ಮನೆಗಳಿಗೆ ಕಳಿಸುವ ಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅಲ್ಲಿ ಓದುವ ಕನ್ನಡದ ಮಕ್ಕಳ ಮನೆಗಳಲ್ಲಿ ಇಂಗ್ಲಿಷ್ ಪತ್ರ ಓದಲು ಕಷ್ಟಪಡುವ ತಾಯಂದಿರಿದ್ದಾರೆ, ಅಜ್ಜಿ ತಾತಂದಿರಿದ್ದಾರೆ. ಇದು ಬರೀ ಸೌಜನ್ಯದ ಕೆಲಸ ಅಲ್ಲ. ಆದಷ್ಟು ಮಟ್ಟಿಗೆ ಮನೆಯವರಿಗೆ ಅರ್ಥವಾಗುವ ಭಾಷೆಯಲ್ಲೇ ವಿಷಯ ತಿಳಿಸಬೇಕು ಎಂದು ಅಲ್ಲಿನ ಕಾನೂನೇ ಹೇಳುತ್ತದೆ. ಪತ್ರ ಚಿಕ್ಕದು. ಆದರೆ ಕೆಲವು ಪದಗಳು ಕನ್ನಡಕ್ಕೆ ಬಂದ ಕೂಡಲೇ ಬೇರೆಯದೇ ಅರ್ಥ ಕೊಡುತ್ತಿವೆ. ನಿಮ್ಮ ಸಲಹೆ ಬೇಕು.

ಮೊದಲು ‘ಟೈಟಲ್ ಒನ್’. 1965ರ ಏಪ್ರಿಲ್ 11ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ ಕಾಯ್ದೆಗೆ ಸಹಿ ಹಾಕಿದರು. ಟೆಕ್ಸಸ್‌ನಲ್ಲಿ ತಾವು ಚಿಕ್ಕವರಿದ್ದಾಗ ಕಲಿತ ಹಳೆಯ ಶಾಲೆಯ ಮುಂದೆ, ತಮ್ಮ ಮೊದಲ ಟೀಚರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾಕಿದ ಸಹಿ ಅದು. ಅವರೂ ಮೇಷ್ಟ್ರಾಗಿದ್ದವರು. 1928ರಲ್ಲಿ ಕೊಟುಲ್ಲಾ ಎಂಬ ಊರಿನಲ್ಲಿ ಮೆಕ್ಸಿಕೊ ಮೂಲದ ಬಡ ಮಕ್ಕಳಿಗೆ ಪಾಠ ಹೇಳಿದ್ದರು. ಆ ಕಾಯ್ದೆಯ ಮೊದಲನೇ ಭಾಗವೇ ಟೈಟಲ್ ಒನ್. ಬಡತನ ಜಾಸ್ತಿ ಇರುವ ಕಡೆಯ ಶಾಲೆಗಳಿಗೆ ವಾಷಿಂಗ್ಟನ್‌ನಿಂದ ಹಣ ಬರುವುದು ಇದರಡಿ. ಹಾಗಾಗಿ ಇದನ್ನು ‘ಶೀರ್ಷಿಕೆ ಒಂದು’ ಎನ್ನುವುದು ತಪ್ಪು. ‘ಒಂದನೇ ಭಾಗ’ ಸರಿ, ಆದರೆ ಯಾರಿಗೂ ಉಪಯೋಗವಿಲ್ಲ. ಶಾಲೆಯ ಆಫೀಸಿಗೆ ಹೋಗಿ ಕೇಳುವಾಗ ತಾಯಿ ‘ಟೈಟಲ್ ಒನ್’ ಅಂತಲೇ ಕೇಳಬೇಕು. ಅದನ್ನು ಹಾಗೇ ಉಳಿಸಿದ್ದೇನೆ.

ಅದರ ವಿವರಣೆ ಬರೆಯುವಾಗ ತೊಡಕು ಶುರುವಾಯಿತು. ನನಗಿಂತ ಮೊದಲು ಯಾರೋ ಮಾಡಿದ್ದ ಕರಡಿನಲ್ಲಿ ‘ಕೇಂದ್ರ ಸರ್ಕಾರದ ಅನುದಾನಿತ ಶಾಲೆ’ ಎಂದಿತ್ತು. ಒಂದೊಂದು ಪದವೂ ನಿಘಂಟಿನ ಪ್ರಕಾರ ಸರಿ. ಆದರೆ ಕರ್ನಾಟಕದಲ್ಲಿ ಓದಿದವರಿಗೆ ಅನುದಾನಿತ ಶಾಲೆ ಅಂದರೆ ಏನು? ಖಾಸಗಿ ಆಡಳಿತ ಮಂಡಳಿ ನಡೆಸುವ, ಮೇಷ್ಟ್ರ ಸಂಬಳ ಮಾತ್ರ ಸರ್ಕಾರ ಕೊಡುವ ಶಾಲೆ. ಇಲ್ಲಿರುವುದು ಪೂರ್ತಿ ಸರ್ಕಾರಿ ಶಾಲೆ. ಇನ್ನು ‘ಕೇಂದ್ರ ಸರ್ಕಾರ’ ಎಂದರೆ ಕಣ್ಣ ಮುಂದೆ ಬರುವುದು ದೆಹಲಿ, ಶಾಲೆ ಎಂದು ಸೇರಿಸಿದರೆ ಕೇಂದ್ರೀಯ ವಿದ್ಯಾಲಯ. ವಾಷಿಂಗ್ಟನ್ ಶಾಲೆ ನಡೆಸುವುದಿಲ್ಲ. ಶಾಲೆಯ ಹಣದಲ್ಲಿ ದೊಡ್ಡ ಪಾಲು ಊರಿನ ಆಸ್ತಿ ತೆರಿಗೆಯಿಂದ, ರಾಜ್ಯದಿಂದ ಬರುತ್ತದೆ. ವಾಷಿಂಗ್ಟನ್ ಕೊಡುವುದು ಸಾಮಾನ್ಯವಾಗಿ ಹತ್ತರಲ್ಲಿ ಒಂದು ಪಾಲಿನ ಆಸುಪಾಸು. ಅದೂ ಇರುವ ಹಣದ ಬದಲಿಗೆ ಅಲ್ಲ, ಅದರ ಮೇಲೆ. ‘ವಾಷಿಂಗ್ಟನ್‌ನವರು ಕೊಡ್ತಿದಾರಲ್ಲ’ ಎಂದು ಊರಿನವರು ತಮ್ಮ ಪಾಲನ್ನು ಕಡಿಮೆ ಮಾಡುವ ಹಾಗಿಲ್ಲ ಎಂದು ಕಾನೂನಿನಲ್ಲಿ ಸ್ಪಷ್ಟವಾಗಿದೆ. ಹಾಗಾಗಿ ‘ಅನುದಾನ’ಕ್ಕಿಂತ ‘ಹೆಚ್ಚುವರಿ ನೆರವು’ ನನಗೆ ಸರಿ ಕಾಣುತ್ತದೆ. ‘ಫೆಡರಲ್’ಗೆ ‘ಒಕ್ಕೂಟ ಸರ್ಕಾರ’ ಎನ್ನಬಹುದೇ? ಹಾಲು ಒಕ್ಕೂಟ ನೆನಪಾಗುವವರಿಗೂ ಅದು ತಿಳಿಯುತ್ತದೆಯೇ? ಇಲ್ಲವೇ ‘ಅಮೆರಿಕದ ರಾಷ್ಟ್ರ ಸರ್ಕಾರ’ ಎಂದುಬಿಡೋಣವೇ?

ಇನ್ನೊಂದು ಕಡೆ ಆ ಕರಡಿನಲ್ಲಿ ‘ಹಿಂದುಳಿದ ಮಕ್ಕಳಿಗಾಗಿ ಇರುವ ಶಾಲೆ’ ಎಂದು ಬಂದಿದೆ. ಇದನ್ನು ನಾನು ಖಂಡಿತ ಉಳಿಸುವವಳಲ್ಲ. ನಮ್ಮಲ್ಲಿ ‘ಹಿಂದುಳಿದ’ ಪದಕ್ಕೆ ಜಾತಿ, ವರ್ಗದ ಅರ್ಥ ಅಂಟಿದೆ. ಮಗುವಿನ ಮಟ್ಟಿಗೆ ಹೇಳಿದರೆ ‘ದಡ್ಡ’ ಅಂತಲೇ ಕೇಳಿಸುತ್ತದೆ. ಇದನ್ನು ಓದಿದ ತಂದೆತಾಯಿಗೆ ಎದೆ ಧಸಕ್ಕೆನ್ನುತ್ತದೆ, ಅಲ್ವಾ? ನಿಜ ಸಂಗತಿ ಬೇರೆ. ಶಾಲೆಯ ಮಕ್ಕಳಲ್ಲಿ ಕನಿಷ್ಠ 40 ಶೇಕಡ ಬಡ ಕುಟುಂಬದವರಾಗಿದ್ದರೆ ಆ ಹಣವನ್ನು ಇಡೀ ಶಾಲೆಗೆ ಬಳಸಬಹುದು. ಬಡತನವನ್ನು ಸಾಮಾನ್ಯವಾಗಿ ಮಧ್ಯಾಹ್ನದ ಊಟದ ಲೆಕ್ಕದಿಂದ ಅಳೆಯುತ್ತಾರೆ. ಎಷ್ಟು ಮಕ್ಕಳಿಗೆ ಊಟ ಉಚಿತ, ಎಷ್ಟು ಮಕ್ಕಳಿಗೆ ಕಡಿಮೆ ಬೆಲೆ ಎನ್ನುವ ಲೆಕ್ಕ. ಇಡೀ ಶಾಲೆಗೆ ಬಳಸುವಾಗ ಇವನು ಬಡವ, ಇವಳು ಅಲ್ಲ ಎಂದು ಮಕ್ಕಳನ್ನು ಬೇರೆ ಮಾಡುವುದಿಲ್ಲ. ಅಷ್ಟು ಬಡತನವಿಲ್ಲದ ಶಾಲೆಯಲ್ಲಿ ಕೆಲವು ಮಕ್ಕಳನ್ನಷ್ಟೇ ಆರಿಸುತ್ತಾರೆ. ಅಲ್ಲೂ ಆರಿಸುವುದು ಮನೆಯ ವರಮಾನ ನೋಡಿ ಅಲ್ಲ, ಕಲಿಕೆಯಲ್ಲಿ ಯಾರಿಗೆ ನೆರವು ಜಾಸ್ತಿ ಬೇಕು ಎಂದು ನೋಡಿ. ಇಷ್ಟನ್ನೂ ಪತ್ರದಲ್ಲಿ ನೇರವಾಗಿ ಬರೆಯಬೇಕು ಅಂತ ನನ್ನ ಅನಿಸಿಕೆ.

‘ಇಂಟರ್ವೆನ್ಷನ್’ಗೆ ಕರಡಿನಲ್ಲಿ ‘ಮಧ್ಯಸ್ಥಿಕೆ’ ಎಂದಿದೆ. ಜಗಳ ಬಿಡಿಸುವುದಕ್ಕೆ ಆ ಪದ. ತರಗತಿಯಲ್ಲಿ ನಡೆಯುವುದು ಇಷ್ಟು: ಓದು ಕಲಿಸುವುದರಲ್ಲಿ ನುರಿತ ಟೀಚರ್ ಒಬ್ಬರು ಮೂರು ನಾಲ್ಕು ಮಕ್ಕಳನ್ನು ಒಂದು ಮೇಜಿನ ಸುತ್ತ ಕೂರಿಸಿಕೊಂಡು ಅಕ್ಷರದ ಸದ್ದು, ಪದ, ವಾಕ್ಯ ಓದಿಸುತ್ತಾರೆ. ವರ್ಷದ ಮೊದಲು, ನಡುವೆ, ಕೊನೆಗೆ ಎಷ್ಟು ಮುಂದುವರಿದರು ಎಂದು ನೋಡುತ್ತಾರೆ. ನಮ್ಮ ಮೇಷ್ಟ್ರುಗಳು ಇದನ್ನು ‘ಪರಿಹಾರ ಬೋಧನೆ’ ಎನ್ನುತ್ತಾರೆ. ಸ್ಟಾಫ್ ರೂಮಿನಲ್ಲಿ ಅದು ಸರಿ. ಮನೆಗೆ ಹೋಗುವ ಪತ್ರದಲ್ಲಿ ‘ಓದಿಗೆ ಹೆಚ್ಚಿನ ನೆರವು’ ಸಾಕು.

ಈಗ ‘ಪೇರೆಂಟ್’. ಬೆಂಗಳೂರು, ಮೈಸೂರು ಕಡೆ ಶಾಲೆಯವರು ‘ಪೋಷಕರು’ ಎನ್ನುತ್ತಾರೆ. ಧಾರವಾಡ, ಬೆಳಗಾವಿ ಕಡೆ ‘ಪಾಲಕರು’ ಜಾಸ್ತಿ. ಪೋಷಕ ನಟ, ಸಂಘದ ಮಹಾಪೋಷಕರು ಎನ್ನುವಾಗ ಆ ಪದಕ್ಕೆ ‘ಬೆಂಬಲಿಸುವವರು’ ಎನ್ನುವ ಅರ್ಥವಿದೆ. ಆದರೂ ಶಾಲೆಯ ಮಾತಿನಲ್ಲಿ ಗೊಂದಲವಾಗುವುದಿಲ್ಲ. ‘ತಂದೆತಾಯಿ’ ಎಂದರೆ ಮಾತ್ರ ಅರ್ಥ ಕಿರಿದಾಗುತ್ತದೆ. ಈ ಕಾಯ್ದೆಯಲ್ಲಿ ‘ಪೇರೆಂಟ್’ ಎಂದರೆ ಹೆತ್ತವರಷ್ಟೇ ಅಲ್ಲ. ಮಗುವನ್ನು ತಮ್ಮ ಜೊತೆ ಇಟ್ಟುಕೊಂಡು ಹೆತ್ತವರ ಜಾಗದಲ್ಲಿ ನಿಂತು ಸಾಕುವ ಅಜ್ಜಿ, ತಾತ, ಮಲತಾಯಿ ಎಲ್ಲರೂ ಬರುತ್ತಾರೆ. ‘ಪೋಷಕರು’ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಯಾರು ಸಾಕುತ್ತಾರೋ ಅವರು ಪೋಷಕರು.

2015ರಲ್ಲಿ ಕಾಯ್ದೆ ತಿದ್ದಿದಾಗ ‘ಪೇರೆಂಟ್’ ಜೊತೆಗೆ ‘ಫ್ಯಾಮಿಲಿ’ಯನ್ನೂ ಸೇರಿಸಿದರು. ನಮ್ಮವರಿಗೆ ಇದು ಮುಖ್ಯ. ಊರಿನಿಂದ ಬಂದು ಆರು ತಿಂಗಳು ಇದ್ದು ಹೋಗುವ ಅಜ್ಜಿ ಕಾನೂನಿನ ಪ್ರಕಾರ ಪೋಷಕಿ ಆಗದಿರಬಹುದು. ಆದರೆ ಶಾಲೆಯ ಓದಿನ ಸಂಜೆಗೆ, ಗಣಿತದ ಸಂಜೆಗೆ ಮಗುವಿನ ಜೊತೆ ಧಾರಾಳವಾಗಿ ಬರಬಹುದು. ಅವರನ್ನೂ ಸೇರಿಸಿ ಕರೆಯಲು ಯಾವ ಪದ? ‘ಮನೆಯವರು’ ಸುಲಭ, ಆದರೆ ‘ನಮ್ಮ ಮನೆಯವರು’ ಎಂದರೆ ಗಂಡ ಎಂದು ಅರ್ಥವಾಗುವ ಸಂದರ್ಭ ಎಷ್ಟಿಲ್ಲ? ‘ಕುಟುಂಬ’ಕ್ಕೂ ಹಿಂದೆ ‘ಹೆಂಡತಿ’ ಎಂಬ ಬಳಕೆ ಇತ್ತು. ‘ಮನೆಮಂದಿ’ ನನಗೆ ಇಷ್ಟ. ಉತ್ತರ ಕರ್ನಾಟಕದಲ್ಲಿ ಸಹಜವಾಗಿ ಬರುವ ಪದ, ದಕ್ಷಿಣದವರಿಗೂ ತಿಳಿಯುತ್ತದೆ. ಪತ್ರಕ್ಕೆ ಅದು ತೀರಾ ಸಲಿಗೆಯಾಗಿ ಕೇಳಿಸುತ್ತದೆಯೇ?

ಎಲ್ಲಕ್ಕಿಂತ ಕಷ್ಟದ್ದು ‘ಎಂಗೇಜ್‌ಮೆಂಟ್’. ಮೊದಲು ಆ ಕಾಯ್ದೆಯಲ್ಲಿ ‘ಇನ್ವಾಲ್ವ್‌ಮೆಂಟ್’ ಎಂದಿತ್ತು, 2015ರಲ್ಲಿ ಬದಲಾಯಿತು. ಕರಡಿನಲ್ಲಿ ‘ಭಾಗವಹಿಸುವಿಕೆ’ ಎಂದು ಹಾಕಿದ್ದಾರೆ. ‘ಸಭೆಯಲ್ಲಿ ನೂರು ಜನ ಭಾಗವಹಿಸಿದ್ದರು’ ಎಂದರೆ ಬಂದು ಕೂತು ಎದ್ದು ಹೋದರು ಎಂದಷ್ಟೇ. ಕಾನೂನು ಕೇಳುವುದು ಅದಕ್ಕಿಂತ ಬಹಳ ಹೆಚ್ಚು. ಟೈಟಲ್ ಒನ್ ಶಾಲೆ ವರ್ಷಕ್ಕೊಮ್ಮೆ ಸಭೆ ಕರೆದು, ತನಗೆ ಈ ನೆರವು ಬರುತ್ತಿದೆ, ಪೋಷಕರಿಗೆ ಇಂತಿಂಥ ಹಕ್ಕುಗಳಿವೆ ಎಂದು ಹೇಳಲೇಬೇಕು. ಕೆಲಸಕ್ಕೆ ಹೋಗುವವರಿಗೂ ಅನುಕೂಲವಾಗುವಂತೆ ಬೆಳಗ್ಗೆ, ಸಂಜೆ ಬೇರೆ ಬೇರೆ ಹೊತ್ತಿನಲ್ಲಿ ಸಭೆ ಇಡಬೇಕು. ಬಂದುಹೋಗುವ ಖರ್ಚಿಗೆ, ಸಭೆಯ ಹೊತ್ತಿನಲ್ಲಿ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವುದಕ್ಕೆ ಈ ಹಣವನ್ನೇ ಬಳಸಬಹುದು. ಪೋಷಕರ ಜೊತೆ ಹೇಗೆ ಕೆಲಸ ಮಾಡುತ್ತೇವೆ ಎನ್ನುವ ನೀತಿಯನ್ನು ಪೋಷಕರ ಜೊತೆ ಕೂತೇ ಬರೆಯಬೇಕು. ಮಗುವಿನ ಟೀಚರ್ ಏನು ಓದಿದ್ದಾರೆ ಎಂದು ಕೇಳುವ ಹಕ್ಕೂ ಇದೆ. 5 ಲಕ್ಷ ಡಾಲರ್‌ಗಿಂತ ಜಾಸ್ತಿ ಟೈಟಲ್ ಒನ್ ಹಣ ಪಡೆಯುವ ಶಾಲಾ ಜಿಲ್ಲೆ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ) ಅದರಲ್ಲಿ ಕನಿಷ್ಠ 1 ಶೇಕಡ ಈ ಕೆಲಸಕ್ಕೇ ಎತ್ತಿಡಬೇಕು. ಆ ಹಣ ಹೇಗೆ ಹಂಚಬೇಕು ಎನ್ನುವುದರಲ್ಲೂ ಪೋಷಕರನ್ನು ಕೇಳಬೇಕು.

ಇದನ್ನೆಲ್ಲ ಓದಿದಾಗ ನನಗೆ ನಮ್ಮ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ನೆನಪಾಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಕರ್ನಾಟಕದಲ್ಲಿ ಅದರ ಹೆಸರಿನಲ್ಲೇ ‘ಮೇಲುಸ್ತುವಾರಿ’ ಇದೆ. ಎಷ್ಟು ಗಟ್ಟಿ ಪದ! ಅಮೆರಿಕದ ಈ ಕಾಯ್ದೆ ಮೇಲುಸ್ತುವಾರಿ ಕೊಡುವುದಿಲ್ಲ, ಸಲಹೆ ಕೇಳು ಎನ್ನುತ್ತದೆ. ಹಾಗಾಗಿ ಆ ಪದ ಇಲ್ಲಿಗೆ ಜಾಸ್ತಿಯಾಯಿತು. ‘ಭಾಗವಹಿಸುವಿಕೆ’ ಕಡಿಮೆಯಾಯಿತು. ‘ಸಹಭಾಗಿತ್ವ’ಕ್ಕೆ ಸರ್ಕಾರ-ಖಾಸಗಿ ಯೋಜನೆಗಳ ವಾಸನೆ. ‘ಒಡನಾಟ’ ಬೆಚ್ಚಗಿದೆ, ಅದರಲ್ಲಿ ಹಕ್ಕಿಲ್ಲ. ಒಂದೇ ಪದ ಹುಡುಕುವುದನ್ನು ಬಿಟ್ಟು ‘ಶಾಲೆಯ ತೀರ್ಮಾನಗಳಲ್ಲಿ ನಿಮಗೂ ಮಾತಿದೆ’ ಎಂದು ವಾಕ್ಯವನ್ನೇ ಬರೆಯಬೇಕು ಎನ್ನುವ ಕಡೆಗೆ ನಾನು ವಾಲಿದ್ದೇನೆ. ಪತ್ರದ ತಲೆಬರಹಕ್ಕೆ ಮಾತ್ರ ನಾಮಪದ ಬೇಕೇ ಬೇಕು.

ಕೊನೆಯದು ‘ಸ್ಕೂಲ್-ಪೇರೆಂಟ್ ಕಾಂಪ್ಯಾಕ್ಟ್’. ಶಾಲೆ ಏನು ಮಾಡುತ್ತದೆ, ಮನೆಯಲ್ಲಿ ಏನು ಮಾಡುತ್ತೀರಿ, ಮಗು ಏನು ಮಾಡುತ್ತದೆ ಎಂದು ಇಬ್ಬರೂ ಸೇರಿ ಬರೆಯುವ ಹಾಳೆ ಇದು. ಪ್ರಾಥಮಿಕ ಶಾಲೆಯಲ್ಲಿ ವರ್ಷಕ್ಕೆ ಒಮ್ಮೆಯಾದರೂ ಟೀಚರ್ ಜೊತೆ ಕೂತು ಇದರ ಬಗ್ಗೆ ಮಾತಾಡಬೇಕು. ಕರಡಿನಲ್ಲಿ ‘ಕರಾರು ಪತ್ರ’ ಎಂದಿದೆ. ವೀಸಾದ ಮೇಲೆ ಬಂದಿರುವ ಕುಟುಂಬದ ಕೈಗೆ ‘ಕರಾರು ಪತ್ರ’ ಕೊಟ್ಟು ಸಹಿ ಕೇಳಿದರೆ ಅವರು ಹೆದರುವುದು ಸಹಜ. ತಪ್ಪಿದರೆ ದಂಡವೇ, ಮಗುವನ್ನು ಶಾಲೆಯಿಂದ ತೆಗೆಯುತ್ತಾರೆಯೇ ಎಂದು ಕೇಳುತ್ತಾರೆ. ಅಂಥದ್ದೇನೂ ಇಲ್ಲ. ಈ ಕಾನೂನು ಸಹಿಯನ್ನೂ ಕಡ್ಡಾಯ ಮಾಡಿಲ್ಲ. ‘ಒಡಂಬಡಿಕೆ’ ಎಂದರೆ ಎರಡು ಸರ್ಕಾರಗಳ ನಡುವಿನದು ಅನಿಸುತ್ತದೆ, ಇಲ್ಲವೇ ಬೈಬಲ್ ನೆನಪಾಗುತ್ತದೆ. ನಾನು ‘ಹೊಣೆ ಹಂಚಿಕೆ ಪತ್ರ’ ಎಂದು ಬರೆದಿಟ್ಟಿದ್ದೇನೆ.

ಬಳಗದಲ್ಲಿರುವ ಮೇಷ್ಟ್ರು, ಟೀಚರುಗಳಿಗೆ ವಿಶೇಷವಾಗಿ ಕೇಳುತ್ತೇನೆ. ‘ಹೊಣೆ ಹಂಚಿಕೆ’ ಎಂದಾಗ ಶಾಲೆ ತನ್ನ ಹೊಣೆಯನ್ನು ಮನೆಯವರ ಮೇಲೆ ಹಾಕುತ್ತಿದೆ ಎಂದು ಅನಿಸುತ್ತದೆಯೇ? ಎಸ್‌ಡಿಎಂಸಿ ಸಭೆಗೆ ಕರೆಯುವಾಗ ನಿಮ್ಮೂರಿನ ತಾಯಂದಿರಿಗೆ ನೀವು ಏನೆಂದು ಹೇಳುತ್ತೀರಿ? ಸುಮ್ನೆ ಬಂದು ಹೋಗುವುದಕ್ಕಲ್ಲ, ಮಾತಾಡುವುದಕ್ಕೆ ಬನ್ನಿ ಎಂದು ತಿಳಿಸುವ ಆಡುಮಾತು ನಿಮ್ಮ ಕಡೆ ಇದ್ದರೆ ದಯವಿಟ್ಟು ಬರೆಯಿರಿ. ಅಮೆರಿಕದಲ್ಲಿರುವವರು ತಮ್ಮ ಮಕ್ಕಳ ಶಾಲೆಯಿಂದ ಕನ್ನಡದಲ್ಲೋ, ತೆಲುಗು, ತಮಿಳಿನಲ್ಲೋ ಇಂಥ ಪತ್ರ ಬಂದಿದ್ದರೆ ಅಲ್ಲಿ ‘ಎಂಗೇಜ್‌ಮೆಂಟ್’ಗೆ ಯಾವ ಪದ ಬಳಸಿದ್ದಾರೆ ತಿಳಿಸಿ. ವಾರ್ಷಿಕ ಸಭೆಗೆ ಮೊದಲು ಪತ್ರ ಅಚ್ಚಾಗಬೇಕು, ಅಷ್ಟರೊಳಗೆ ಬಂದ ಸಲಹೆಗಳನ್ನೆಲ್ಲ ಸೇರಿಸಿ ತಿದ್ದಿದ ಕರಡನ್ನು ಇಲ್ಲೇ ಹಾಕುತ್ತೇನೆ.